ಅರ್ಧನೇಮಿಯಲ್ಲಿ ನಿಂತ ಅಹಿಂಸೆ

ಲಕ್ಷ್ಮೇಶ್ವರದ ಶಂಖ ಜಿನಾಲಯವು ಕನ್ನಡ ನಾಡಿನ ಅತಿ ಪ್ರಾಚೀನ ಬಸದಿಗಳಲ್ಲಿ ಒಂದು. ಪುಲಿಗೆರೆ ಎಂಬ ಹಳೆಯ ಹೆಸರಿನ ಈ ಊರಿನ ಜಿನಾಲಯಗಳಿಗೆ ಬಾದಾಮಿಯ ಚಾಲುಕ್ಯರೂ ಗಂಗರೂ ಬಿಟ್ಟ ದತ್ತಿಗಳನ್ನು ಇಲ್ಲಿನ ಶಾಸನಗಳು ಹೇಳುತ್ತವೆ. ಆದಿಕವಿ ಪಂಪನು ತನ್ನ ಕಾವ್ಯದ ನುಡಿಗೆ ಆಧಾರವೆಂದು ಹೆಸರಿಸಿದ್ದು ಇದೇ ಪುಲಿಗೆರೆಯ ತಿರುಳ್ಗನ್ನಡವನ್ನು. ಬಸದಿಯ ಮೂಲನಾಯಕರು ಇಪ್ಪತ್ತೆರಡನೆಯ ತೀರ್ಥಂಕರರಾದ ಭಗವಾನ್ ನೇಮಿನಾಥರು. ಅವರ ಲಾಂಛನ ಶಂಖ. ಅರಬ್ಬೀ ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸಹ್ಯಾದ್ರಿಯ ಆಚೆಗಿದೆ. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳಿಂದ ದರ್ಶನಕ್ಕೆ ಬರುವ ಶ್ರಾವಕ ಕುಟುಂಬಗಳಿಗೆ ಕಡಲು ನಿತ್ಯದ ನೋಟವಲ್ಲ. ಆದರೂ ಈ ಬಯಲುಸೀಮೆಯ ಬಸದಿಯು ತನ್ನ ಹೆಸರಿನಲ್ಲಿಯೇ ಕಡಲಿನ ಒಂದು ಜೀವವನ್ನು ಹೊತ್ತು ನಿಂತಿದೆ.

ಶಂಖವೆಂದರೆ ಮಂಗಳಧ್ವನಿ, ಶಂಖವೆಂದರೆ ನಿರ್ಮಲತೆ ಎಂಬ ವಿವರಣೆ ಪ್ರವಚನಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಜೀವತತ್ತ್ವವನ್ನು ವಿವರಿಸುವ ಶಾಸ್ತ್ರಗಳು ಶಂಖವನ್ನು ಮೊದಲು ವಾದ್ಯವೆಂದು ಕಾಣುವುದಿಲ್ಲ. ಸ್ಪರ್ಶನ, ರಸನ ಎಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಕ್ಕೆ ಉದಾಹರಣೆ ಕೊಡುವಾಗ ಸಿಂಪಿನ ಜೊತೆಯಲ್ಲಿ ಶಂಖದ ಹೆಸರನ್ನು ಹೇಳುತ್ತವೆ. ಶಂಖವು ವಾದ್ಯವಾಗುವುದು ಅದರೊಳಗಿನ ಜೀವ ಹೋದ ಮೇಲೆ. ದಿಗಂಬರ ಪರಂಪರೆಯ ಎಣಿಕೆಯಲ್ಲಿ ಪುಷ್ಪದಂತರ ಮಕರ, ಅರನಾಥರ ಮೀನು, ಮುನಿಸುವ್ರತರ ಆಮೆ, ನೇಮಿನಾಥರ ಶಂಖ ಹೀಗೆ ಇಪ್ಪತ್ತನಾಲ್ಕು ಲಾಂಛನಗಳಲ್ಲಿ ನಾಲ್ಕು ಜಲಚರಗಳಾಗಿವೆ. ಆನೆ, ಕುದುರೆ, ವೃಷಭಗಳಿಗೆ ಸಿಕ್ಕ ಗೌರವವೇ ನೀರಿನ ಜೀವಗಳಿಗೂ ಪೀಠದ ಮೇಲೆ ಸಿಕ್ಕಿದೆ. ಪೀಠದ ಮೇಲೆ ಸಿಕ್ಕ ಈ ಸ್ಥಾನ ಶ್ರಾವಕರ ನಿತ್ಯ ವ್ಯವಹಾರದಲ್ಲಿ ಸಿಕ್ಕಿದೆಯೇ ಎಂಬುದು ವಿಚಾರಿಸಬೇಕಾದ ವಿಷಯ.

ಇದಕ್ಕೆ ಸುಲಭವಾಗಿ ಬರುವ ಉತ್ತರ ಒಂದಿದೆ. ಜೈನರು ಮೀನು ತಿನ್ನುವುದಿಲ್ಲ, ಬಲೆ ಬೀಸುವುದಿಲ್ಲ, ಹಡಗು ನಡೆಸುವುದಿಲ್ಲ. ಆದ್ದರಿಂದ ಕಡಲಿನ ಹಿಂಸೆ ಅವರಿಗೆ ಸಂಬಂಧಿಸಿದ್ದಲ್ಲ ಎಂಬುದೇ ಆ ಉತ್ತರ. ತಿಮಿಂಗಿಲಗಳು ಅಳಿವಿನಂಚಿಗೆ ಬಂದಿವೆ ಎಂಬ ಸುದ್ದಿಯನ್ನು ಬಹುಮಂದಿ ಪರದೇಶದ ಸುದ್ದಿಯಂತೆ ಓದಿ ಪುಟ ಮಗುಚುವುದು ಈ ನೆಮ್ಮದಿಯಿಂದಲೇ. ಈ ನೆಮ್ಮದಿಗೆ ಶಾಸ್ತ್ರದ ಆಧಾರವೂ ಇಲ್ಲ, ಕಾವ್ಯದ ಆಧಾರವೂ ಇಲ್ಲ. ನೇಮಿನಾಥರ ಕಥೆಯನ್ನೇ ಸಾವಧಾನವಾಗಿ ಓದಿದರೆ ಅದು ಈ ನೆಮ್ಮದಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ.

ಕಥೆ ಎಲ್ಲರಿಗೂ ತಿಳಿದಿರುವಂಥದು. ಯಾದವ ಕುಲದ ನೇಮಿಕುಮಾರನು ಶ್ರೀಕೃಷ್ಣನ ಶಂಖವನ್ನು ಊದಿ ತನ್ನ ಬಲವನ್ನು ತೋರಿದವನು. ರಾಜೀಮತಿಯೊಡನೆ ವಿವಾಹ ನಿಶ್ಚಯವಾಗಿ ದಿಬ್ಬಣ ಹೊರಟಿತು. ದಾರಿಯಲ್ಲಿ ದೊಡ್ಡಿಯೊಂದರಲ್ಲಿ ಕೂಡಿಹಾಕಿದ ಮೃಗಗಳು ಭಯದಿಂದ ಮೊರೆಯಿಡುತ್ತಿದ್ದವು. ಇವು ಯಾರಿಗಾಗಿ ಎಂದು ಕುಮಾರನು ವಿಚಾರಿಸಿದನು. ವಿವಾಹದ ಊಟಕ್ಕಾಗಿ ಎಂಬ ಉತ್ತರ ಬಂದಿತು. ರಥ ಹಿಂದಿರುಗಿತು, ಕುಮಾರನು ಗಿರನಾರವನ್ನೇರಿದನು. ಆ ಮೃಗಗಳನ್ನು ಕೂಡಿಸಿದ್ದು ಶ್ರೀಕೃಷ್ಣನ ಉಪಾಯವೆಂದು ದಿಗಂಬರ ಪುರಾಣಗಳು ಹೇಳಿದರೆ, ಶ್ವೇತಾಂಬರ ಆಗಮವು ಸಾರಥಿಯ ಬಾಯಲ್ಲಿ ಉತ್ತರವನ್ನು ಇಡುತ್ತದೆ. ಈ ಭೇದಗಳ ನಡುವೆಯೂ ಕಥೆಯ ತಿರುಳು ಒಂದೇ. ನೇಮಿಕುಮಾರನು ಆ ಮೃಗಗಳನ್ನು ಹಿಡಿದವನಲ್ಲ, ಕೊಲ್ಲಲು ಹೇಳಿದವನಲ್ಲ, ತಿನ್ನುವವನೂ ಅಲ್ಲ. ತನ್ನ ಹೆಸರಿನಲ್ಲಿ ನಡೆಯುವ ಉತ್ಸವಕ್ಕಾಗಿ ಅವು ಸಾಯುತ್ತವೆ ಎಂಬುದಷ್ಟೇ ಅವನಿಗೂ ಅವುಗಳಿಗೂ ಇದ್ದ ಸಂಬಂಧ. ಅಷ್ಟು ಸಂಬಂಧವೇ ರಥವನ್ನು ತಿರುಗಿಸಲು ಸಾಕಾಯಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹಿಂಸೆಯಲ್ಲಿ ಮೊದಲನೆಯದೊಂದನ್ನು ಬಿಟ್ಟೊಡನೆ ಕರ್ತವ್ಯ ಮುಗಿಯಿತೆನ್ನುವವರಿಗೆ ಈ ಕಥೆಯಲ್ಲಿ ಆಶ್ರಯವಿಲ್ಲ.

ಕನ್ನಡ ಕಾವ್ಯಚರಿತ್ರೆಯಲ್ಲಿ ಈ ಕಥೆಗೆ ಸಂಬಂಧಿಸಿದ ಒಂದು ಸಂಗತಿ ಗಮನಾರ್ಹವಾಗಿದೆ. ಕರ್ಣಪಾರ್ಯ, ಮಹಾಬಲ ಮುಂತಾದ ಕವಿಗಳು ನೇಮಿನಾಥ ಪುರಾಣವನ್ನು ಪೂರ್ತಿಯಾಗಿ ಹಾಡಿದರು. ಆದರೆ ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ನೇಮಿಚಂದ್ರನ ಕಾವ್ಯ ಮಾತ್ರ ನಡುವೆಯೇ ನಿಂತುಹೋಯಿತು. ಆದ್ದರಿಂದಲೇ ಅದಕ್ಕೆ ‘ಅರ್ಧನೇಮಿ’ ಎಂಬ ಹೆಸರು ಬಂದಿತು. ನೇಮಿಯ ವೈರಾಗ್ಯದ ಘಟ್ಟವನ್ನು ಮುಟ್ಟುವ ಮುನ್ನವೇ ಅದು ನಿಲ್ಲುತ್ತದೆ. ವೀರ, ಶೃಂಗಾರ, ವರ್ಣನಾವೈಭವಗಳೆಲ್ಲ ಅದರಲ್ಲಿವೆ; ಮೃಗಗಳ ಮೊರೆಯನ್ನು ಕೇಳಿ ರಥ ತಿರುಗುವ ಕ್ಷಣವೊಂದು ಇಲ್ಲ. ಇದು ಕವಿಯ ದೋಷವಲ್ಲ, ಕಾಲದ ಆಕಸ್ಮಿಕ. ಆದರೆ ಇಂದಿನ ಶ್ರಾವಕಸಮಾಜದ ಅಹಿಂಸೆಯನ್ನು ನೋಡಿದಾಗ ಅದೂ ಒಂದು ಅರ್ಧನೇಮಿಯಂತೆ ತೋರುತ್ತದೆ. ನೆಲದ ಮೇಲೆ ಅದು ಬಹುದೂರ ನಡೆದಿದೆ. ಗೋಶಾಲೆಗಳನ್ನು ಕಟ್ಟಿದೆ, ಪಾಂಜರಾಪೋಳಗಳನ್ನು ನಡೆಸಿದೆ, ಪಕ್ಷಿಗಳಿಗೆ ಕಾಳು ನೀರು ಇಟ್ಟಿದೆ. ಕಡಲಂಚಿಗೆ ಬಂದೊಡನೆ ನಿಂತುಬಿಟ್ಟಿದೆ.

ಇದಕ್ಕೆ ಕಾವ್ಯಪರಂಪರೆಯೂ ಸ್ವಲ್ಪಮಟ್ಟಿಗೆ ಹೊಣೆಯೆನ್ನಬೇಕು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆ ಒಂದು. ಒಳನಾಡಿನಲ್ಲಿ ಕುಳಿತ ಕವಿಗೂ ಕಡಲನ್ನು ವರ್ಣಿಸದೆ ಗತಿಯಿರಲಿಲ್ಲ. ಹೀಗೆ ಬಂದ ಕಡಲಿನಲ್ಲಿ ಮೊಸಳೆ, ಮಕರ, ತಿಮಿ, ತಿಮಿಂಗಿಲಗಳು ಭಯಾನಕಕ್ಕೋ ಗಾಂಭೀರ್ಯಕ್ಕೋ ಉಪಕರಣಗಳಾದವು. ತಿಮಿಂಗಿಲವೆಂಬ ಪದದ ಅರ್ಥವೇ ತಿಮಿಯನ್ನು ನುಂಗುವುದು ಎಂದು. ದೊಡ್ಡದು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಅದು ದೃಷ್ಟಾಂತವಾಯಿತು. ಸಂಸಾರವೇ ಸಾಗರ, ಜಿನಧರ್ಮವೇ ನೌಕೆ ಎಂಬ ರೂಪಕವು ಪ್ರತಿ ಸ್ತುತಿಯಲ್ಲೂ ನೆಲೆಗೊಂಡಿತು. ದಾಟಬೇಕಾದ ಕಡಲು, ಅಂಜಬೇಕಾದ ಕಡಲು ಹೀಗೆ ಬೆಳೆದುಬಂದಿತು. ಕಾಯಬೇಕಾದ ಕಡಲು ಬೆಳೆಯಲಿಲ್ಲ. ಜನ್ನನ ಯಶೋಧರ ಚರಿತೆ ಇದಕ್ಕೆ ಭಿನ್ನವಾಗಿ ನಿಲ್ಲುತ್ತದೆ. 1209ರ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದ ಪಾಪಕ್ಕಾಗಿ ಯಶೋಧರನೂ ಅವನ ತಾಯಿಯೂ ಪಡೆಯುವ ಭವಗಳಲ್ಲಿ ಮೀನು ಮೊಸಳೆಗಳ ಭವವೂ ಒಂದು. ಅಲ್ಲಿ ಓದುಗನು ದಡದಿಂದ ನೀರನ್ನು ನೋಡುವುದಿಲ್ಲ, ನೀರಿನೊಳಗಿನಿಂದ ದಡವನ್ನು ನೋಡುತ್ತಾನೆ. ಸಮುದ್ರವರ್ಣನೆಗಳಿಗೆ ಸಾಧ್ಯವಾಗದ ಕೆಲಸವನ್ನು ಹೊಳೆಯ ಒಂದು ಮೀನಿನ ಕಥೆ ಮಾಡಿದೆ.

ಕಡಲಿನ ಜೀವವನ್ನೇ ನಡುವೆ ಇಟ್ಟುಕೊಂಡ ಕಥೆಯೊಂದು ಜೈನಪರಂಪರೆಯಲ್ಲಿ ಇಲ್ಲದಿಲ್ಲ. ಸ್ವಯಂಭೂರಮಣ ಸಮುದ್ರದಲ್ಲಿ ಸಾವಿರ ಯೋಜನ ಉದ್ದದ ಮಹಾಮತ್ಸ್ಯವಿದೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾದ ತಂದುಲಮತ್ಸ್ಯ ವಾಸಿಸುತ್ತದೆ. ಮಹಾಮತ್ಸ್ಯವು ಬಾಯಿ ತೆರೆದು ಮಲಗಿದಾಗ ಸಾವಿರಾರು ಮೀನುಗಳು ಬಾಯೊಳಗೆ ಹೋಗಿ ಬರುತ್ತವೆ. ಅದನ್ನು ಕಂಡ ತಂದುಲಮತ್ಸ್ಯವು, ತನಗೆ ಇಂಥ ದೇಹವಿದ್ದಿದ್ದರೆ ಒಂದನ್ನೂ ಉಳಿಸುತ್ತಿರಲಿಲ್ಲವೆಂದು ಹಂಬಲಿಸುತ್ತದೆ. ಒಂದು ಮೀನನ್ನೂ ನುಂಗದೆ, ಆ ಭಾವವೊಂದರಿಂದಲೇ ಅದು ಏಳನೆಯ ನರಕಕ್ಕೆ ಹೋಗುತ್ತದೆ. ಮಕ್ಕಳಿಗೆ ಈ ಕಥೆಯನ್ನು ಕೆಟ್ಟ ಯೋಚನೆ ಮಾಡಬಾರದೆಂಬ ನೀತಿಗಾಗಿ ಹೇಳಿ ಮುಗಿಸುವುದು ರೂಢಿ. ಅದರ ಇನ್ನೊಂದು ಮುಖವನ್ನು ಯಾರೂ ಎತ್ತಿ ಹೇಳುವುದಿಲ್ಲ. ಶಕ್ತಿಯಿಲ್ಲದ ಜೀವಿಯಲ್ಲಿ ‘ಒಂದನ್ನೂ ಉಳಿಸಬಾರದು’ ಎಂಬ ಲೋಭವಿದೆ. ಅಂಥ ಜೀವಿಗೆ ಮಹಾಮತ್ಸ್ಯದ ಬಾಯಿಯೇ ದೊರೆತರೆ ಏನಾದೀತು ಎಂಬ ಪ್ರಶ್ನೆ ಕಥೆಯಲ್ಲಿ ಹುದುಗಿದೆ. ಕಳೆದ ಶತಮಾನದ ಚರಿತ್ರೆ ಆ ಪ್ರಶ್ನೆಗೆ ಉತ್ತರ ಕೊಟ್ಟಿತು.

ಮನುಷ್ಯನು ತಿಮಿಂಗಿಲದ ಮುಂದೆ ಅಕ್ಕಿಕಾಳಿನಂಥವನು. ನೀಲಿ ತಿಮಿಂಗಿಲವು ಸುಮಾರು 30 ಮೀಟರಿನವರೆಗೆ ಬೆಳೆಯುತ್ತದೆ. ಭೂಮಿಯ ಮೇಲೆ ಇಂದು ಬದುಕಿರುವ ಪ್ರಾಣಿಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಹುಟ್ಟುದೋಣಿಯಲ್ಲಿ ಕುಳಿತು ಕೈಯಿಂದ ಭರ್ಜಿ ಎಸೆಯುತ್ತಿದ್ದ ಕಾಲದಲ್ಲಿ ವೇಗವಾಗಿ ಈಜುವ ದೊಡ್ಡ ತಿಮಿಂಗಿಲಗಳು ತಪ್ಪಿಸಿಕೊಳ್ಳುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ವೆಯ ಸ್ವೆಂಡ್ ಫಾಯ್ನ್ ಎಂಬಾತನು ಸಿಡಿಮದ್ದು ತುಂಬಿದ ಭರ್ಜಿಯನ್ನು ಹಾರಿಸುವ ಫಿರಂಗಿಯನ್ನು ಉಗಿಹಡಗಿನ ಮೇಲೆ ಹೂಡಿದನು. 1920ರ ದಶಕದಲ್ಲಿ ಕೊಂದ ಪ್ರಾಣಿಯನ್ನು ನಡುಗಡಲಿನಲ್ಲಿಯೇ ಒಳಗೆಳೆದುಕೊಂಡು ಎಣ್ಣೆ ತೆಗೆಯುವ ಕಾರ್ಖಾನೆ ಹಡಗುಗಳು ಬಂದವು. 1930–31ರ ಒಂದೇ ಬೇಟೆಯ ಋತುವಿನಲ್ಲಿ ದಕ್ಷಿಣ ಮಹಾಸಾಗರದಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳನ್ನು ಕೊಲ್ಲಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಸತ್ತ ದೊಡ್ಡ ತಿಮಿಂಗಿಲಗಳ ಒಟ್ಟು ಸಂಖ್ಯೆ ಸುಮಾರು 29 ಲಕ್ಷವೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಮಾಂಸಕ್ಕಿಂತ ಹೆಚ್ಚಾಗಿ ಎಣ್ಣೆಗಾಗಿ ಈ ಕೊಲೆ ನಡೆಯಿತು. ದೀಪ, ಸಾಬೂನು, ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರಿನ್, ಯಂತ್ರಗಳ ಜಾರೆಣ್ಣೆ ಇವುಗಳಿಗೆ ಆ ಎಣ್ಣೆ ಹೋಯಿತು. ಅವುಗಳನ್ನು ಕೊಂಡವರಲ್ಲಿ ಹೆಚ್ಚಿನವರು ತಿಮಿಂಗಿಲವನ್ನು ಕಣ್ಣಿನಿಂದಲೂ ಕಂಡವರಲ್ಲ.

ಇದು ದೂರದ ಕಡಲುಗಳ ಮಾತಷ್ಟೇ ಆಗಿ ಉಳಿಯಲಿಲ್ಲ. ಕಾರವಾರ, ಹೊನ್ನಾವರಗಳ ದಡವನ್ನು ತೊಳೆಯುವ ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ಎಂದು ಕರೆಯಲಾಗುವ ಗೂನುಬೆನ್ನಿನ ತಿಮಿಂಗಿಲಗಳ ಒಂದು ಪ್ರತ್ಯೇಕ ಸಂತತಿಯಿದೆ. ಬೇರೆ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ಆಹಾರಕ್ಕಾಗಿ ಧ್ರುವಪ್ರದೇಶದ ಕಡೆಗೆ ಸಾವಿರಾರು ಕಿಲೋಮೀಟರು ಹೋಗಿಬರುತ್ತವೆ. ಇವು ಮಾತ್ರ ಹೋಗುವುದಿಲ್ಲ. ಇವುಗಳಿಗೆ ಹುಟ್ಟೂ ಬಾಳೂ ಸಾವೂ ಈ ಕಡಲಿನಲ್ಲಿಯೇ. 1965–66ರಲ್ಲಿ ಸೋವಿಯತ್ ಒಕ್ಕೂಟದ ಬೇಟೆಹಡಗುಗಳು ಅಂತರರಾಷ್ಟ್ರೀಯ ನಿಯಮವನ್ನು ಮೀರಿ ಅರಬ್ಬೀ ಸಮುದ್ರದಲ್ಲಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಆ ಲೆಕ್ಕವನ್ನು ಮುಚ್ಚಿಡಲಾಗಿತ್ತು. 1990ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳೇ ಅದನ್ನು ಬೆಳಕಿಗೆ ತಂದರು. ಒಮಾನ್ ತೀರದಲ್ಲಿ ನಡೆದ ಗಣನೆಯ ಪ್ರಕಾರ ಅಲ್ಲಿ ಉಳಿದಿರುವವು ನೂರಕ್ಕಿಂತಲೂ ಕಡಿಮೆ. ಹನ್ನೊಂದು ಹನ್ನೆರಡು ತಿಂಗಳು ಗರ್ಭದಲ್ಲಿ ಹೊತ್ತು ಒಂದು ಸಲಕ್ಕೆ ಒಂದೇ ಮರಿಯನ್ನು ಹೆತ್ತು ಹಾಲೂಡಿಸುವ ಜೀವಕ್ಕೆ ಇಂಥ ನಷ್ಟವನ್ನು ತುಂಬಿಕೊಳ್ಳಲು ಎಷ್ಟು ತಲೆಮಾರು ಬೇಕೆಂಬುದನ್ನು ಓದುಗರೇ ಊಹಿಸಬಹುದು.

ಶಾಸ್ತ್ರದೃಷ್ಟಿಯಿಂದ ಈ ಜೀವಕ್ಕೆ ಯಾವ ಸ್ಥಾನ? ತಿಮಿಂಗಿಲವು ಗರ್ಭಜ, ಪಂಚೇಂದ್ರಿಯ, ಮನಸ್ಸುಳ್ಳ ಸಂಜ್ಞಿ ತಿರ್ಯಂಚ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಹೊಂದಬಲ್ಲದು, ಅಣುವ್ರತವನ್ನು ಧರಿಸಿ ಐದನೆಯ ಗುಣಸ್ಥಾನದವರೆಗೂ ಏರಬಲ್ಲದು ಎಂದು ಕರ್ಮಸಿದ್ಧಾಂತ ಹೇಳುತ್ತದೆ. ವ್ರತವಿಲ್ಲದ ಮನುಷ್ಯನಿಗಿಂತ ವ್ರತಿಯಾದ ಜಲಚರವೇ ಮೇಲಿನ ಮೆಟ್ಟಿಲಿನಲ್ಲಿ ನಿಲ್ಲಬಹುದೆಂಬ ಈ ಮಾತನ್ನು ಕೇವಲ ವರ್ಗೀಕರಣವೆಂದು ಓದಿಬಿಡುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.

ತಿಮಿಂಗಿಲದ ಬೇಟೆ ನಿಂತದ್ದಾದರೂ ಹೇಗೆ ಎಂಬುದನ್ನು ನೇಮಿನಾಥರ ಕಥೆಯ ಬೆಳಕಿನಲ್ಲಿ ನೋಡಬೇಕು. 1946ರಲ್ಲಿ ಒಪ್ಪಂದವಾಗಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ರೂಪುಗೊಂಡಿತು. ಅದು ಬಹುಕಾಲ ಬೇಟೆಗಾರ ದೇಶಗಳಿಗೆ ಪಾಲು ಹಂಚುವ ಸಂಸ್ಥೆಯಾಗಿಯೇ ಇದ್ದಿತು. ಅಂಕಿಸಂಖ್ಯೆಗಳಿಗೆ ಕರಗದ ಲೋಕದ ಮನಸ್ಸು ಒಂದು ಧ್ವನಿಗೆ ಕರಗಿತು. ಗೂನುಬೆನ್ನಿನ ತಿಮಿಂಗಿಲಗಳು ನೀರಿನಾಳದಲ್ಲಿ ಹೊರಡಿಸುವ ದೀರ್ಘವಾದ, ಕ್ರಮಬದ್ಧವಾದ ಹಾಡನ್ನು ರೋಜರ್ ಪೇನ್ ಮೊದಲಾದ ವಿಜ್ಞಾನಿಗಳು ಅಧ್ಯಯನ ಮಾಡಿ 1970ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದರು. ಎಣ್ಣೆಯ ಪೀಪಾಯಿಯೆಂದು ಎಣಿಸಲಾಗಿದ್ದ ಪ್ರಾಣಿಗೆ ಕಂಠವಿದೆಯೆಂದು ಜನರಿಗೆ ಆಗ ತಿಳಿಯಿತು. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಲಾಯಿತು. 1981ರಲ್ಲಿ ಭಾರತ ಆಯೋಗವನ್ನು ಸೇರಿತು. ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯ 1982ರಲ್ಲಿ ಆಗಿ 1986ರಿಂದ ಜಾರಿಗೆ ಬಂದಿತು. ಮೊರೆ ಕಿವಿಗೆ ಬಿದ್ದ ಮೇಲೆ ರಥ ತಿರುಗಿದ್ದು ಇದು ಮೊದಲ ಸಲವಲ್ಲ. ಆದರೆ ತಿರುವು ಪೂರ್ತಿಯಾಗಲಿಲ್ಲ. ನಾರ್ವೆ ಆ ನಿರ್ಣಯಕ್ಕೆ ಬದ್ಧವಾಗಲಿಲ್ಲ. ಜಪಾನ್ 2019ರಲ್ಲಿ ಆಯೋಗವನ್ನೇ ಬಿಟ್ಟು ಹೊರನಡೆಯಿತು.

ಇಂದು ತಿಮಿಂಗಿಲಗಳಿಗೆ ಎದುರಾಗಿರುವ ಹೆಚ್ಚಿನ ಅಪಾಯದಲ್ಲಿ ಭರ್ಜಿಯಿಲ್ಲ, ಕೊಲ್ಲುವ ಸಂಕಲ್ಪವೂ ಇಲ್ಲ. ಮೀನಿಗಾಗಿ ಬೀಸಿದ ನೈಲಾನ್ ಬಲೆಯಲ್ಲಿ ಸಿಕ್ಕಿ, ಉಸಿರಿಗಾಗಿ ಮೇಲೆ ಬರಲಾರದೆ, ವರ್ಷಕ್ಕೆ ಸುಮಾರು 3 ಲಕ್ಷ ತಿಮಿಂಗಿಲ, ಡಾಲ್ಫಿನ್ ಮುಂತಾದವು ಸಾಯುತ್ತವೆಂದು ಅಂದಾಜು. ಸರಕಿನ ಹಡಗುಗಳು ಬಡಿದು ಸಾಯುವವು ಬೇರೆ. ಹಡಗಿನ ಯಂತ್ರಗಳ ಸದ್ದು ನೀರಿನಲ್ಲಿ ಬಹುದೂರ ಹರಡಿ, ಧ್ವನಿಯಿಂದಲೇ ಬದುಕುವ ಜೀವಿಗಳ ಮಾತನ್ನು ಮುಚ್ಚಿಹಾಕುತ್ತದೆ. ಪ್ಲಾಸ್ಟಿಕ್ ಹೊಟ್ಟೆ ಸೇರುತ್ತದೆ. ಇದರಲ್ಲಿ ಯಾರೂ ಕೊಲ್ಲಬೇಕೆಂದು ಕೊಲ್ಲುತ್ತಿಲ್ಲ, ಆದ್ದರಿಂದ ಇದು ಹಿಂಸೆಯಲ್ಲ ಎನ್ನಬಹುದೇ? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿ ಇಟ್ಟಿದ್ದಾರೆ. ಪ್ರಮಾದವೆಂದರೆ ದ್ವೇಷವೊಂದೇ ಅಲ್ಲ, ಎಚ್ಚರಗೇಡಿತನವೂ ಹೌದು. ನೋಡಿ ನಡೆಯಬೇಕೆಂಬ ಈರ್ಯಾಸಮಿತಿ, ನೋಡಿ ಎತ್ತಿಡಬೇಕೆಂಬ ನಿಯಮ, ತ್ಯಾಜ್ಯವನ್ನು ನೋಡಿ ಬಿಡಬೇಕೆಂಬ ನಿಯಮ ಇವೆಲ್ಲ ಹುಟ್ಟಿದ್ದು ಕೊಲ್ಲುವ ಇಚ್ಛೆಯಿಲ್ಲದೆಯೂ ಕೊಲ್ಲುವ ಮನುಷ್ಯನಿಗಾಗಿಯೇ.

ಇಲ್ಲಿ ದಿಗ್ವ್ರತದ ಮಾತು ಬರುತ್ತದೆ. ಶ್ರಾವಕನು ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರ, ವ್ಯವಹಾರಗಳಿಗೆ ಎಲ್ಲೆ ಕಟ್ಟಿಕೊಳ್ಳುವುದು ದಿಗ್ವ್ರತ. ಎಲ್ಲೆಯ ಆಚೆ ಅವನು ಸೂಕ್ಷ್ಮ ಪಾಪವನ್ನೂ ಮಾಡುವುದಿಲ್ಲವಾದ್ದರಿಂದ ಅಲ್ಲಿಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತದ ಯೋಗ್ಯತೆಯನ್ನು ಪಡೆಯುತ್ತದೆಂದು ಸಮಂತಭದ್ರ ಆಚಾರ್ಯರು ಹೇಳುತ್ತಾರೆ. ಹಿಂದಿನ ಕಾಲದಲ್ಲಿ ವ್ಯಾಪಾರಿ ಎಲ್ಲಿಗೆ ಹೋಗುತ್ತಿದ್ದನೋ ಅಲ್ಲಿಗೆ ಅವನ ಕೈ ಚಾಚುತ್ತಿತ್ತು. ಇಂದು ಗದಗಿನ ಪೇಟೆಯಲ್ಲಿ ಕುಳಿತವನು ಊರು ಬಿಟ್ಟು ಕದಲದೆಯೇ ಅವನ ಸರಕು ಕಡಲುಗಳನ್ನು ದಾಟಿ ಬರುತ್ತದೆ. ಲೋಕದ ಸರಕುಸಾಗಣೆಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತರಷ್ಟು ಹಡಗಿನಲ್ಲಿಯೇ ಸಾಗುತ್ತದೆ. ದೇಹ ಎಲ್ಲೆಯೊಳಗೆ ಇದ್ದು ಕೊಳ್ಳುವ ಕೈ ಎಲ್ಲೆಯ ಹೊರಗೆ ಹೋದಾಗ ದಿಗ್ವ್ರತ ಉಳಿಯಿತೇ ಎಂಬುದು ಪಂಡಿತರು ಗಂಭೀರವಾಗಿ ಚರ್ಚಿಸಬೇಕಾದ ಪ್ರಶ್ನೆ. ಎಚ್ಚರ ವಹಿಸಿದರೆ ದಾರಿ ಇಲ್ಲದಿಲ್ಲ. ಶ್ರೀಲಂಕೆಯ ದಕ್ಷಿಣ ತೀರದಲ್ಲಿ ನೀಲಿ ತಿಮಿಂಗಿಲಗಳು ಇರುವೆಡೆಯಲ್ಲೇ ಹಡಗುಗಳ ಹೆದ್ದಾರಿ ಹಾದುಹೋಗುತ್ತದೆ. 2022ರಲ್ಲಿ ಎಂ.ಎಸ್.ಸಿ. ಎಂಬ ದೊಡ್ಡ ಹಡಗು ಸಂಸ್ಥೆ ತನ್ನ ಹಡಗುಗಳ ಮಾರ್ಗವನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿಕೊಂಡಿತು. ದಾರಿಯನ್ನು ಸ್ವಲ್ಪ ಬದಲಿಸಿದರೆ ಜೀವ ಉಳಿಯುತ್ತದೆ ಎಂಬುದು ಈರ್ಯಾಸಮಿತಿಯಲ್ಲದೆ ಬೇರೇನು?

ಹಡಗಿಗಿಂತ ಹತ್ತಿರದ ದಾರಿಯೂ ಒಂದಿದೆ. ಶಿರಹಟ್ಟಿ, ಮುಂಡರಗಿ ತಾಲೂಕುಗಳ ದಕ್ಷಿಣದ ಅಂಚಿನಲ್ಲಿ ಹರಿಯುವ ತುಂಗಭದ್ರೆ ಮುಂದೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಜಿಲ್ಲೆಯ ಉತ್ತರ ಭಾಗದ ನೀರು ಮಲಪ್ರಭೆಯ ಮೂಲಕ ಅದೇ ಕೃಷ್ಣೆಗೆ ಸೇರುತ್ತದೆ. ಕಡಲು ದೂರವಿದ್ದರೂ ಊರಿನ ಚರಂಡಿ ಕಡಲಿನ ಮೇಲ್ಭಾಗವೇ. ಮೆರವಣಿಗೆಯಲ್ಲಿ ಹಂಚಿದ ನೀರಿನ ಪೊಟ್ಟಣ, ಪ್ರಸಾದದ ಚೀಲ, ಅಭಿಷೇಕಕ್ಕೆ ತಂದ ಹಾಲಿನ ಪ್ಯಾಕೆಟ್ಟು ಮೊದಲ ದೊಡ್ಡ ಮಳೆಗೆ ಹಳ್ಳಕ್ಕೆ ಇಳಿದರೆ ಮುಂದಿನ ದಾರಿ ಹೊಳೆಗೆ ಗೊತ್ತಿದೆ. ಕರ್ನಾಟಕದಲ್ಲಿ 2016ರಿಂದ, ದೇಶದಾದ್ಯಂತ 2022ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧವಿದೆ. ನೀರನ್ನು ಸೋಸಿ ಕುಡಿದು, ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಮತ್ತೆ ಅದೇ ನೀರಿಗೆ ಬಿಡುವಷ್ಟು ಎಚ್ಚರವನ್ನು ರೂಢಿಸಿಕೊಂಡ ಸಮಾಜಕ್ಕೆ ಸರಕಾರದ ನಿಷೇಧ ಬೇಕಾಗಿಯೇ ಇರಲಿಲ್ಲ.

ಇಷ್ಟು ಹೇಳಿದಾಗ ಕೆಲವರು ಬೆರಳನ್ನು ಮೀನುಗಾರರ ಕಡೆಗೆ ತೋರಿಸುವುದುಂಟು. ಇದು ನ್ಯಾಯವಲ್ಲ. ಕಡಲನ್ನೇ ನಂಬಿ ಬದುಕುವ ಬಡ ಕುಟುಂಬವನ್ನು ಹಳಿಯುವುದರಿಂದ ಒಂದು ಜೀವವೂ ಉಳಿಯುವುದಿಲ್ಲ. ಹಳಿಯುವವನ ಮಾನಕಷಾಯ ಮಾತ್ರ ಬೆಳೆಯುತ್ತದೆ. ಇದಕ್ಕೆ ಉತ್ತಮ ನಿದರ್ಶನ ನೇಮಿನಾಥರ ನಿರ್ವಾಣಭೂಮಿಯಾದ ಸೌರಾಷ್ಟ್ರದಲ್ಲಿಯೇ ದೊರೆಯುತ್ತದೆ. ವೇರಾವಳ ಮುಂತಾದ ಬಂದರುಗಳಲ್ಲಿ ತಿಮಿಂಗಿಲ ಶಾರ್ಕ್ ಎಂಬ ಬೃಹತ್ ಮೀನನ್ನು, ಅದು ಹೆಸರಿಗಷ್ಟೇ ತಿಮಿಂಗಿಲ, ಪಿತ್ತಕೋಶದ ಬಳಿಯ ಯಕೃತ್ತಿನ ಎಣ್ಣೆಗಾಗಿ ಮತ್ತು ರಫ್ತಾಗುವ ಮಾಂಸಕ್ಕಾಗಿ ಕೊಲ್ಲಲಾಗುತ್ತಿತ್ತು. 2001ರಲ್ಲಿ ಕಾನೂನು ಅದಕ್ಕೆ ಪೂರ್ಣ ರಕ್ಷಣೆ ಕೊಟ್ಟಿತು. ಆದರೆ ಬದಲಾವಣೆ ತಂದದ್ದು ಕಾನೂನೊಂದೇ ಅಲ್ಲ. 2004ರಲ್ಲಿ ಆರಂಭವಾದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳೆಂದು ಜನರಿಗೆ ಪರಿಚಯಿಸಿದರು. ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂಬ ಹೆಸರು ಅದಕ್ಕೆ ನಿಂತಿತು. ಬಲೆಯನ್ನು ಕತ್ತರಿಸಿ ಮೀನನ್ನು ಬಿಟ್ಟ ಮೀನುಗಾರನಿಗೆ ಬಲೆಯ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆಯೂ ಆಯಿತು. ಅಂದಿನಿಂದ ನೂರಾರು ಮೀನುಗಳನ್ನು ಮೀನುಗಾರರೇ ಬಿಡುಗಡೆ ಮಾಡಿದ್ದಾರೆ. ಧರ್ಮಪೀಠದಿಂದ ಬಂದ ಒಂದು ಮಾತು, ನಷ್ಟ ತುಂಬುವ ಸ್ವಲ್ಪ ಹಣ ಇವೆರಡೂ ಕೂಡಿದಾಗ ದಯೆ ಬಡವನ ಮೇಲೆ ಹೇರಿದ ಹೊರೆಯಾಗಲಿಲ್ಲ. ಜೀವದಯಾ ನಿಧಿಗಳನ್ನು ಇಟ್ಟುಕೊಂಡಿರುವ ಟ್ರಸ್ಟುಗಳು ಈ ನಿದರ್ಶನವನ್ನು ಮನಸ್ಸಿಟ್ಟು ನೋಡಬೇಕು.

ಇನ್ನು ಬಸದಿಯ ಒಳಗಿನ ವಸ್ತುಗಳನ್ನು ವಿಚಾರಿಸಬೇಕು. ಪೇಟೆಯಲ್ಲಿ ಸಿಗುವ ಹೊಳಪಿನ ಪೂಜಾಶಂಖ ದಡಕ್ಕೆ ತಾನಾಗಿ ಬಂದು ಬಿದ್ದದ್ದಲ್ಲ. ಅಲೆಗೆ ಸಿಕ್ಕು ಸವೆದ, ಹುಳು ಕೊರೆದ ಚಿಪ್ಪಿಗೆ ಬೆಲೆಯಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುಳುಗುಗಾರರು ಜೀವವಿರುವ ಶಂಖವನ್ನೇ ಎತ್ತಿ ತಂದು ಒಳಗಿನ ಮಾಂಸವನ್ನು ತೆಗೆದುಹಾಕಿದ ಮೇಲೆ ಅದು ವ್ಯಾಪಾರಕ್ಕೆ ಬರುತ್ತದೆ. ಮುತ್ತಿನ ಕಥೆಯೂ ಹೆಚ್ಚು ಭಿನ್ನವಲ್ಲ. ಶ್ರಾವಕನಿಗೆ ವರ್ಜ್ಯವೆಂದು ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯ ಒಂದು. ಪ್ರಾಣಿಗಳ ಹಲ್ಲು, ಮೂಳೆ, ಚರ್ಮಗಳನ್ನು ಅವು ದೊರೆಯುವ ಮೂಲದಲ್ಲಿ ಕೊಳ್ಳಬಾರದೆಂಬುದಕ್ಕೆ ಪ್ರಾಚೀನರು ಕೊಟ್ಟ ಕಾರಣ ಅತ್ಯಂತ ವ್ಯಾವಹಾರಿಕವಾದುದು: ಕೊಳ್ಳುವವನು ಬಂದನೆಂದರೆ ಬೇಟೆಗಾರನು ಕಾಡಿಗೆ ಹೊರಡುತ್ತಾನೆ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ, ಪತ್ರಿಕೆಗಳು ತಿಮಿಂಗಿಲದ ವಾಂತಿಯೆಂದು ಕರೆಯುವ ಅಂಬರ್‌ಗ್ರೀಸ್ ಎಂಬ ಸುಗಂಧದ್ರವ್ಯದ ವಿಷಯದಲ್ಲಿಯೂ ಇದೇ ನ್ಯಾಯ. ತಿಮಿಂಗಿಲಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದರ ಮಾರಾಟ ಭಾರತದಲ್ಲಿ ಅಪರಾಧ. ಆದರೂ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೂ ಕರಾವಳಿಯಲ್ಲಿಯೂ ಅದನ್ನು ಮಾರಲು ಹೊರಟವರು ಸಿಕ್ಕಿಬಿದ್ದ ಸುದ್ದಿ ಬರುತ್ತಲೇ ಇದೆ. ತಾನಾಗಿ ತೇಲಿ ಬಂದದ್ದಲ್ಲವೇ ಎಂಬ ಸಮಾಧಾನ ಇಲ್ಲಿ ಸಲ್ಲದು. ಬೆಲೆ ಹುಟ್ಟಿದ ಮೇಲೆ ಕೈಗಳು ಕಾದು ಕೂಡುವುದಿಲ್ಲ.

ದೂರದ ಜೀವವನ್ನು ಕಾಯುವ ಸಂಸ್ಕಾರ ಈ ಸೀಮೆಗೆ ಹೊಸದಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುವ ಆ ಹಕ್ಕಿಗಳನ್ನು ಊರಿನವರು ಅತಿಥಿಗಳೆಂದೇ ಕಂಡಿದ್ದಾರೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಜೊತೆಯಲ್ಲಿಯೇ ಕುಮಟೆಯ ಬಳಿಯ ಅಘನಾಶಿನಿ ಅಳಿವೆಯೂ ಸೇರಿತು. ಒಂದೇ ಪಟ್ಟಿಯಲ್ಲಿ ಕೂಡಿದ ಈ ಕೆರೆಯೂ ಆ ಅಳಿವೆಯೂ ಮನಸ್ಸಿನಲ್ಲಿ ಕೂಡದಿರಲು ಕಾರಣ ಒಂದೇ: ಹೆಬ್ಬಾತು ಕಣ್ಣಿಗೆ ಕಾಣುತ್ತದೆ, ಕಡಲಿನ ಜೀವ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಜೀವಕ್ಕೆ ಮಾತ್ರ ಸಲ್ಲುವ ದಯೆ ಸ್ವಭಾವದ ಮೃದುತ್ವವಾದೀತು. ವ್ರತವಾಗಬೇಕಾದರೆ ಅದು ಕಾಣದ ಜೀವದವರೆಗೂ ಹೋಗಬೇಕು. ಒಂದು ಹನಿ ನೀರಿನಲ್ಲಿ ಅಸಂಖ್ಯಾತ ಜೀವಗಳಿವೆಯೆಂದು ಸೂಕ್ಷ್ಮದರ್ಶಕ ಹುಟ್ಟುವ ಮುನ್ನವೇ ನಂಬಿ ನಡೆದ ಪರಂಪರೆಗೆ, ಇಡೀ ಕಡಲಿನಲ್ಲಿರುವ ಜೀವಗಳನ್ನು ನಂಬುವುದು ಕಷ್ಟವಾಗಬಾರದು.

ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೂ ಅಭಯದಾನಕ್ಕೂ ಇದೇ ನಾಡಿನಲ್ಲಿ ಮೇಲ್ಪಂಕ್ತಿಯಿದೆ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದು ಅಳಿಯುತ್ತಿದ್ದುದು ಗ್ರಂಥ. ಇಂದು ಜೀವಸಂತತಿಗಳೇ ಅಳಿಯುತ್ತಿವೆ. ಬಸದಿಗಳ ಪಾಠಶಾಲೆಯಲ್ಲಿ ತಂದುಲಮತ್ಸ್ಯದ ಕಥೆಯ ಜೊತೆಗೆ ಅರಬ್ಬೀ ಸಮುದ್ರದ ತಿಮಿಂಗಿಲದ ಕಥೆಯನ್ನೂ ಹೇಳುವುದು, ಪಂಚಕಲ್ಯಾಣ ಮತ್ತು ಮಹಾವೀರ ಜಯಂತಿಗಳನ್ನು ಪ್ಲಾಸ್ಟಿಕ್ ಇಲ್ಲದೆ ನಡೆಸುವುದು, ಜೀವದಯಾ ನಿಧಿಯ ಒಂದು ಪಾಲನ್ನು ಬಲೆ ಕತ್ತರಿಸಿದ ಮೀನುಗಾರನಿಗೆ ಮುಡಿಪಾಗಿಡುವುದು ಯಾವ ಟ್ರಸ್ಟಿಗೂ ಮೀರಿದ ಕೆಲಸವಲ್ಲ.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯ ದಿನ ಶ್ರಾವಕರು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಗಳ ಕ್ಷಮೆಯನ್ನು ಬೇಡುತ್ತಾರೆ. ಆ ಮಾತಿನಲ್ಲಿ ಶಂಖವೂ ಸೇರಿದೆ, ತಿಮಿಂಗಿಲವೂ ಸೇರಿದೆ. ಕ್ಷಮೆ ಬೇಡಿದ ಜೀವವನ್ನೇ ಮರುದಿನ ಕೊಳ್ಳುವುದು ಆ ಮಾತಿಗೆ ಒಪ್ಪುವುದಿಲ್ಲ. ನೇಮಿನಾಥರ ಸನ್ನಿಧಿಯಲ್ಲಿ ತಲೆಮಾರುಗಳಿಂದ ಬಂದ ಹಳೆಯ ಶಂಖವೊಂದು ಇದ್ದರೆ ಅದೇ ಸಾಕು. ಹೊಸದೊಂದನ್ನು ಖರೀದಿಸುವ ನಿರ್ಣಯ ಟ್ರಸ್ಟಿನ ಸಭೆಗೆ ಬಂದಾಗ, ಇದು ಯಾರಿಗಾಗಿ ಎಂದು ನೇಮಿಕುಮಾರನು ಕೇಳಿದ ಪ್ರಶ್ನೆಯನ್ನು ಅಲ್ಲಿ ಒಬ್ಬರಾದರೂ ಕೇಳಬೇಕು.